ಒಂಬತ್ತು ಮನೆಯ ಚೌಕ ಮತ್ತು ಮೂಲೆಯ ಮೇಷ್ಟ್ರು

ಮೊನ್ನೆ ಮಳೆಗಾಲದಲ್ಲಿ ನಮ್ಮನ್ನೆಲ್ಲ ತಾಲ್ಲೂಕು ಕೇಂದ್ರಕ್ಕೆ ಕರೆಸಿ ಒಂದು ದಿನದ ತರಬೇತಿ ಕೊಟ್ಟರು. ನಾವು ಅಂದರೆ ಸರ್ಕಾರಿ ಶಾಲೆಯ ಮೇಷ್ಟ್ರುಗಳು. ನಮ್ಮಲ್ಲಿ ಬಹುಪಾಲು ಜನ ಕೇರಿಯಿಂದ, ಹಟ್ಟಿಯಿಂದ ಹೊರಟು, ಬುಡ್ಡಿದೀಪದಲ್ಲಿ ಓದಿ, ಹಾಸ್ಟೆಲ್ಲಿನ ಮುದ್ದೆ ತಿಂದು ಸೀಮೆಸುಣ್ಣ ಹಿಡಿದವರು. ಬೆಂಗಳೂರಿಂದ ಬಂದಿದ್ದ ಯುವಕರೊಬ್ಬರು ಗೋಡೆಯ ಮೇಲೆ ಬೆಳಕು ಬಿಟ್ಟು ಒಂದು ಚೌಕ ತೋರಿಸಿದರು. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು, ಒಟ್ಟು ಒಂಬತ್ತು ಮನೆ. ಒಂದು ಕಡೆಗೆ ಮನುಷ್ಯ ಈಗ ಮಾಡುತ್ತಿರುವ ಕೆಲಸದ ಅಳತೆ, ಇನ್ನೊಂದು ಕಡೆಗೆ ಅವನು ಮುಂದೆ ಏನಾಗಬಲ್ಲ ಅನ್ನೋದರ ಅಳತೆ. ಎರಡರಲ್ಲೂ ಹೆಚ್ಚು ಬಂದವನು ಮೇಲಿನ ಬಲಗಡೆ ಮನೆಗೆ. ಅವನಿಗೆ ಬಡ್ತಿ, ಬಹುಮಾನ. ಎರಡರಲ್ಲೂ ಕಮ್ಮಿ ಬಂದವನು ಕೆಳಗಿನ ಎಡಗಡೆ ಮೂಲೆಗೆ, ಅವನಿಗೆ ಬಾಗಿಲು. ಇದಕ್ಕೆ ಕಂಪನಿಗಳಲ್ಲಿ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಅಂತಾರೆ, ಪ್ರತಿಭೆಯನ್ನು ಹುಡುಕೋದು, ಸೇರಿಸಿಕೊಳ್ಳೋದು, ಪಳಗಿಸೋದು, ಸರಿಯಾದ ಜಾಗದಲ್ಲಿ ಕೂರಿಸೋದು, ಬಿಟ್ಟುಹೋಗದ ಹಾಗೆ ನೋಡಿಕೊಳ್ಳೋದು. ಇದು ಶಾಲೆಗೂ ಬಂದರೆ ಶಿಕ್ಷಕರ ಕೆಲಸ ತಾನಾಗಿ ಮೇಲಕ್ಕೇಳುತ್ತೆ, ಅಂದರು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಹಿರಿಯರೊಬ್ಬರು ಎದ್ದು ನಿಂತರು. "ಸಾರ್, ನಮ್ಮೂರಿಗೂ ಹಿಂಗೇ ಒಂದು ನಕ್ಷೆ ಐತೆ. ಮೇಲಿನ ಮೂಲೇಲಿ ದೇವಸ್ಥಾನ, ಕೆಳಗಿನ ಮೂಲೇಲಿ ಕೇರಿ. ಆ ನಕ್ಷೆ ಯಾರು ಬರ್ದದ್ದು ಅಂತ ನಮಗೆ ಗೊತ್ತು. ಇದನ್ನ ಬರ್ದೋರು ಯಾರು ಸಾರ್?"

ಹಾಲಿನಲ್ಲಿ ನಗು ಎದ್ದಿತು. ಆ ಯುವಕರೂ ನಕ್ಕರು. ಕೆಟ್ಟ ಹುಡುಗನೇನಲ್ಲ. ಒಳ್ಳೇ ಪ್ರಶ್ನೆ, ಟೀ ಆದಮೇಲೆ ಮಾತಾಡೋಣ ಅಂದರು. ಟೀ ಆಯಿತು, ಮಾತು ಆಗಲಿಲ್ಲ. ಪ್ರಶ್ನೆಯನ್ನು ನಾವೇ ಬಸ್ಸಿನಲ್ಲಿ ಮನೆಗೆ ಹೊತ್ತುಕೊಂಡು ಬಂದೆವು.

ಪ್ರತಿಭೆ ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ಮೈ ಬಿಗಿಯಾಗುತ್ತದೆ. ಇದು ಸಿಟ್ಟಲ್ಲ, ನೆನಪು. 1918ರಲ್ಲಿ ಮೈಸೂರು ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೂ ಪಾಲು ಸಿಗಬೇಕು ಅನ್ನುವ ಕೂಗಿಗೆ ಅದು ಉತ್ತರವಾಗಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅರ್ಹತೆ ಕೆಡುತ್ತೆ, ಆಡಳಿತ ಸಡಿಲಾಗುತ್ತೆ ಅನ್ನೋದು ಅವರ ನಿಲುವು. ಆ ವರ್ಷವೇ ದಿವಾನಗಿರಿ ಬಿಟ್ಟರು. ಅವರು ಕಟ್ಟಿದ ಅಣೆಕಟ್ಟೆಯ ನೀರನ್ನು ನಾವೂ ಕುಡಿಯುತ್ತೇವೆ, ಅದನ್ನು ಮರೆತು ಮಾತಾಡುತ್ತಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ನೂರು ವರ್ಷ, ನಮ್ಮವರು ಬಾಗಿಲು ಬಡಿದಾಗಲೆಲ್ಲ ಒಳಗಿನಿಂದ ಬಂದ ಉತ್ತರ ಒಂದೇ: 'ಪ್ರತಿಭೆ ಇದೆಯಾ?' ಹೀಗೆ ಕೇಳಿದವನಿಗೆ ಅದು ಇದೆಯೋ ಇಲ್ಲವೋ ಅಂತ ನಾವು ತಿರುಗಿ ಕೇಳುವ ಹಾಗಿರಲಿಲ್ಲ. ಅವನು ಒಳಗಿದ್ದ, ಅದೇ ಅವನ ಪುರಾವೆ.

ಒಂಬತ್ತು ಮನೆಯ ಶಾಸ್ತ್ರಕ್ಕೆ ಹಿಂದೆ ಬೇರೆ ಊರಿದೆ. 1997ರಲ್ಲಿ ಅಮೆರಿಕದ ಮೆಕಿನ್ಸೆ ಅನ್ನುವ ಸಲಹೆಗಾರ ಕಂಪನಿ 'ಪ್ರತಿಭೆಗಾಗಿ ಯುದ್ಧ' ಅನ್ನುವ ಮಾತನ್ನು ಹರಿಯಬಿಟ್ಟಿತು. ಗೆಲ್ಲುವ ಕಂಪನಿ ಅಂದರೆ ಪ್ರತಿಭಾವಂತರನ್ನು ಬಾಚಿಕೊಂಡು, ಅವರಿಗೆ ಬೇಕಾದಷ್ಟು ಕೊಟ್ಟು, ಉಳಿದವರನ್ನು ಅಂಚಿಗೆ ತಳ್ಳುವ ಕಂಪನಿ ಅಂತ ಅದರ ತಾತ್ಪರ್ಯ. ಹಾಗೆ ಮಾಡಿ ತೋರಿಸಿದ್ದಾರೆ ನೋಡಿ ಅಂತ ಅವರು ಬೆರಳು ತೋರಿಸುತ್ತಿದ್ದ ಒಂದು ಕಂಪನಿ ಎನ್ರಾನ್. 2001ರ ಡಿಸೆಂಬರಿನಲ್ಲಿ ಅದು ದಿವಾಳಿ ಎದ್ದಿತು. ಅಲ್ಲಿ ಪ್ರತಿಭೆಗೆ ಬರ ಇರಲಿಲ್ಲ, ಬರ ಇದ್ದದ್ದು ನಿಜವಾದ ಲೆಕ್ಕಕ್ಕೆ. ಇರಲಿ, ಅದು ಅವರ ದುಡ್ಡು ಅವರ ಪಾಡು. ಅಲ್ಲಿ ಮುರಿದುಬಿದ್ದ ತಕ್ಕಡಿ ನಮ್ಮ ಶಾಲೆಗೆ ಬರುತ್ತಿರುವಾಗ ಸುಮ್ಮನಿರಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ಖಾಯಮಾತಿ, ಬಡ್ತಿ, ಸಂಬಳ ಎಲ್ಲವೂ ಅರ್ಹತೆಯ ಮೇಲೆ ನಿಲ್ಲಬೇಕು, ಅದಕ್ಕೆ ಅಳತೆಗಳನ್ನು ಮಾಡಬೇಕು ಅಂತ ಬರೆದಿದೆ. ಯಾವ ಅಳತೆ ಅನ್ನೋದೇ ನಮ್ಮ ತಕರಾರು.

ಏಕಲವ್ಯನ ಕತೆಯನ್ನು ನಮ್ಮವರು ಸಾವಿರ ಸಲ ಹೇಳಿದ್ದಾರೆ, ಇನ್ನೊಂದು ಸಲ ಹೇಳುವುದಿಲ್ಲ. ದ್ರೋಣನ ಕಡೆಯಿಂದ ಒಂದು ಮಾತು ಮಾತ್ರ ಇದೆ. ದ್ರೋಣ ಸಂಬಳದ ಮೇಷ್ಟ್ರು. ಬಡತನದಲ್ಲಿ ಬೆಂದು, ಮಗನಿಗೆ ಹಾಲು ಕೊಡಲಾಗದೆ ಅರಮನೆ ಸೇರಿದವನು. ಅರಮನೆ ಅವನ ಕೆಲಸವನ್ನು ಅಳೆದದ್ದು ಅರ್ಜುನನೊಬ್ಬನ ಬಿಲ್ಲಿನಿಂದ. ನಿನಗೆ ಸಮ ಇನ್ನೊಬ್ಬನಿರೋದಿಲ್ಲ ಅಂತ ಮಾತು ಕೊಟ್ಟಿದ್ದ. ಹಾಗಾಗಿ ಕಾಡಿನಲ್ಲಿ ಇನ್ನೊಬ್ಬ ಹುಟ್ಟಿದ್ದನ್ನು ಕಂಡಾಗ ಮೇಷ್ಟ್ರಿಗೆ ಸಂತೋಷ ಆಗಲಿಲ್ಲ, ದಿಗಿಲಾಯಿತು. ಅವನು ಕೇಳಿದ ಹೆಬ್ಬೆರಳಿನಲ್ಲಿ ಜಾತಿಯ ಕ್ರೌರ್ಯವೂ ಇತ್ತು, ತನ್ನ 'ಫಲಿತಾಂಶ'ವನ್ನು ಕಾಪಾಡಿಕೊಳ್ಳುವ ನೌಕರನ ಭಯವೂ ಇತ್ತು. ಅಳತೆಗೋಲು ತಪ್ಪಾದರೆ ಒಳ್ಳೆಯ ಮೇಷ್ಟ್ರೂ ಕಟುಕನಾಗುತ್ತಾನೆ.

ಇದು ಪುರಾಣ ಅಂದುಕೊಳ್ಳಬೇಡಿ. ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ತೋರಿಸಬೇಕಾದ ಶಾಲೆಗಳು ಒಂಬತ್ತರಲ್ಲೇ ಹಿಂದುಳಿದ ಹುಡುಗನ ಅಪ್ಪನನ್ನು ಕರೆಸಿ, "ಟಿ.ಸಿ. ಇಸ್ಕೊಂಡು ಬೇರೆ ಕಡೆ ಸೇರ್ಸಪ್ಪ, ಇಲ್ಲಿ ಇವನಿಗೆ ಆಗಲ್ಲ" ಅನ್ನುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಅಪ್ಪ ಕೈಕಟ್ಟಿ ನಿಂತು "ಆಯ್ತು ಸಾಮಿ" ಅಂತ ಕಾಗದ ಇಸ್ಕೊಂಡು ಹೋಗುತ್ತಾನೆ. ಶಾಲೆಯ ಫಲಿತಾಂಶ ಏರುತ್ತದೆ. ಮೇಷ್ಟ್ರು ಮೇಲಿನ ಮನೆಗೆ ಹೋಗುತ್ತಾನೆ. ಹೆಬ್ಬೆರಳು ಎಲ್ಲಿ ಬಿತ್ತು ಅಂತ ಯಾರೂ ಹುಡುಕುವುದಿಲ್ಲ.

ಇನ್ನು ಆ ಫಲಿತಾಂಶದ ಸಂಖ್ಯೆಗಳಾದರೂ ಎಷ್ಟು ಗಟ್ಟಿ? 2023ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ತೇರ್ಗಡೆ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ಕಾವಲು ಕೂತರು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿಯೂ ತೇರ್ಗಡೆ ಶೇ. 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮೇಷ್ಟ್ರುಗಳ ಪ್ರತಿಭೆ ಅಷ್ಟು ಬತ್ತಿಹೋಯಿತೆ? ಅದೇ ಮೇಷ್ಟ್ರು, ಅದೇ ಪಾಠ. ಬದಲಾದದ್ದು ಗೋಡೆಯ ಮೇಲಿನ ಕ್ಯಾಮೆರಾ. ಹಿಂದಿನ ಸಂಖ್ಯೆಯ ಮೇಲೆ ಹಾರ ಹಾಕಿಸಿಕೊಂಡವರು ಯಾರು, ಹೊಸ ಸಂಖ್ಯೆಯ ಮೇಲೆ ನೋಟೀಸು ಪಡೆದವರು ಯಾರು? ಹಾರವೂ ಸುಳ್ಳು, ನೋಟೀಸೂ ಸುಳ್ಳು.

ಈ ಆಟವನ್ನು ಇಂಗ್ಲಿಷರು ಯಾವಾಗಲೋ ಆಡಿ ಬಿಟ್ಟಿದ್ದಾರೆ. 1862ರಲ್ಲಿ ರಾಬರ್ಟ್ ಲೋ ಅನ್ನುವವನು ತಂದ ನಿಯಮದಂತೆ ಇನ್‌ಸ್ಪೆಕ್ಟರ್ ಬಂದು ಮಗುವಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಿ, ಪಾಸಾದ ಲೆಕ್ಕದಲ್ಲಿ ಶಾಲೆಗೆ ದುಡ್ಡು ಕೊಡುತ್ತಿದ್ದ. ಮೇಷ್ಟ್ರುಗಳು ಏನು ಮಾಡಿದರು? ಪಾಠದ ಪುಸ್ತಕವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಮೂವತ್ತು ವರ್ಷ ಹೀಗೆ ನಡೆಸಿ 1890ರ ದಶಕದಲ್ಲಿ ಕೈಬಿಟ್ಟರು. ಅವರು ಎಸೆದ ಬಟ್ಟೆ ನಮಗೆ ಇವತ್ತು ಹೊಸದು.

ಹಾಗಾದರೆ ಮೇಷ್ಟ್ರ ಕೆಲಸ ಚೆನ್ನಾಗಿ ಆಗೋದು ಯಾವಾಗ? ನಮ್ಮದೇ ನಾಡಿನಲ್ಲಿ ಒಂದು ಉತ್ತರ ಇದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಾಡಂಚಿನ ತಾಲ್ಲೂಕು. ಜೇನುಕುರುಬರ ಹಾಡಿಗಳು, ದೂರದ ಏಕೋಪಾಧ್ಯಾಯ ಶಾಲೆಗಳು. 1995ರ ಹೊತ್ತಿಗೆ ಅಲ್ಲಿನ ಕೆಲವು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳಿಗೆ ಕಾರ್ಡುಗಳಲ್ಲಿ ಪಾಠ ಮಾಡುತ್ತಿದ್ದದ್ದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಬಂದವರು ಕೂತು, ಜಗಳಾಡಿ, ತಿದ್ದಿ, ತಮ್ಮ ಮಕ್ಕಳ ಮಾತಿನಲ್ಲಿ ಕಾರ್ಡು ಬರೆದರು, ಹಾಡು ಕಟ್ಟಿದರು. ಕಪ್ಪುಹಲಗೆ ಮಕ್ಕಳ ಎತ್ತರಕ್ಕೆ ಇಳಿಯಿತು. ಮೇಷ್ಟ್ರು ಕುರ್ಚಿಯಿಂದ ನೆಲಕ್ಕೆ ಇಳಿದರು. ಮಗು ತನ್ನ ನಡಿಗೆಯಲ್ಲಿ ಏಣಿ ಹತ್ತಬಹುದು, ಹದಿನೈದು ದಿನ ಕೂಲಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಅದೇ ನಲಿ-ಕಲಿ.

ಈ ಮೇಷ್ಟ್ರುಗಳನ್ನು ಯಾರೂ ಪ್ರತಿಭಾವಂತರು ಅಂತ ಆರಿಸಿ ತಂದಿರಲಿಲ್ಲ. ಬೋನಸ್ ಇರಲಿಲ್ಲ, ಚೌಕ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಮೂರೇ: ಒಟ್ಟಿಗೆ ಕೂರಲು ಸಮಯ, ತಪ್ಪು ಮಾಡಲು ಅವಕಾಶ, 'ನೀವು ಮಾಡಬಲ್ಲಿರಿ' ಅನ್ನುವ ನಂಬಿಕೆ. ಪ್ರತಿಭೆ ಆಮೇಲೆ ಕಾಣಿಸಿತು. ಮೊದಲು ಪ್ರತಿಭೆ ತೋರಿಸು, ಆಮೇಲೆ ನಂಬುತ್ತೇವೆ ಅನ್ನುವ ಕಂಪನಿ ಶಾಸ್ತ್ರಕ್ಕೆ ಇದು ತಲೆಕೆಳಗು. ಮುಂದಿನದ್ದನ್ನೂ ಹೇಳಿಬಿಡಬೇಕು. 2009-10ರ ಹೊತ್ತಿಗೆ ಅದೇ ನಲಿ-ಕಲಿ ಆದೇಶವಾಗಿ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಕಟ್ಟಿದವರ ಕೈಯಲ್ಲಿ ಕುಣಿದ ಕಾರ್ಡುಗಳು ಎಷ್ಟೋ ಕಡೆ ಟ್ರಂಕಿನಲ್ಲಿ ಮಲಗಿದವು. ಇನ್ನೊಬ್ಬರ ಪ್ರತಿಭೆಯನ್ನು ಸುತ್ತೋಲೆಯಲ್ಲಿ ಕಳಿಸಲು ಬರುವುದಿಲ್ಲ.

ಕೋಟೆಯ ಕತೆ ಪಕ್ಕಕ್ಕಿಟ್ಟು ನಮ್ಮ ಇಲಾಖೆ ಮೇಷ್ಟ್ರುಗಳನ್ನು ನಿಭಾಯಿಸುವ ರೀತಿ ನೋಡಿ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದಾಗ, ಒಂದರಿಂದ ಏಳನೇ ತರಗತಿಗೆ ಅಂತ ನೇಮಕವಾಗಿದ್ದವರನ್ನು ಒಂದರಿಂದ ಐದಕ್ಕೆ ಅಂತ ಇಳಿಸಿದರು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ಬೇರೆ ವೃಂದ. ಕೆಲಸದಲ್ಲಿದ್ದುಕೊಂಡೇ ಬಿ.ಎ., ಎಂ.ಎ., ಬಿ.ಎಡ್. ಮಾಡಿಕೊಂಡು ವರ್ಷಗಟ್ಟಲೆ ಆರು-ಏಳಕ್ಕೆ ಪಾಠ ಮಾಡಿದವರು ಕಾಗದದಲ್ಲಿ ಒಂದು ಮೆಟ್ಟಿಲು ಕೆಳಗೆ ನಿಂತರು. 2024ರ ಆಗಸ್ಟಿನಲ್ಲಿ ಅವರೆಲ್ಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದು ಸಂಬಳಕ್ಕೆ ಮಾತ್ರ ಅಂತ ಯಾರಾದರೂ ತಿಳಿದಿದ್ದರೆ ತಪ್ಪು. ನಿನ್ನೆವರೆಗೆ ಬರುತ್ತಿದ್ದ ವಿದ್ಯೆ ಇವತ್ತು ಬರುವುದಿಲ್ಲ ಅಂದರೆ ಮನುಷ್ಯನಿಗೆ ಅದು ಅವಮಾನ. ಅವಮಾನ ಹೊತ್ತವನು ನಾಳೆ ಬೆಳಗ್ಗೆ ಭಿನ್ನರಾಶಿಯನ್ನು ಎಷ್ಟು ಪ್ರೀತಿಯಿಂದ ಕಲಿಸಿಯಾನು?

ಇದರ ಮೇಲೆ ಮತಪಟ್ಟಿ, ಚುನಾವಣೆ, ಗಣತಿ. ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಹಚ್ಚಬಾರದು ಅನ್ನುತ್ತೆ. ಆ ಮೂರರ ಬಾಗಿಲೇ ಸಾಕಷ್ಟು ಅಗಲ. 2025ರ ದಸರಾದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೊಬೈಲು ಹಿಡಿದು ಮನೆಮನೆ ಅಲೆದದ್ದೂ ನಾವೇ. ಇಲ್ಲಿ ನಮ್ಮ ಬಾಯಿ ಸ್ವಲ್ಪ ಕಟ್ಟುತ್ತದೆ. ಯಾಕೆಂದರೆ ಜಾತಿವಾರು ಲೆಕ್ಕ ಆಗಲೇಬೇಕು ಅಂತ ಬೀದಿಯಲ್ಲಿ ಕೂಗಿದವರೂ ನಾವೇ. ಲೆಕ್ಕ ಬೇಕು, ಶಾಲೆಯೂ ಬೇಕು. ಒಬ್ಬನೇ ಮೇಷ್ಟ್ರ ಬೆನ್ನ ಮೇಲೆ ಎರಡನ್ನೂ ಹೇರಿದವರಿಗೆ ಆಮೇಲೆ ಅವನನ್ನು ಅಳೆಯುವ ಅಧಿಕಾರ ಎಲ್ಲಿಂದ ಬಂತು?

ನಮ್ಮ ಮೇಲೂ ದೂರಿದೆ, ಅದನ್ನು ನುಂಗಿಕೊಂಡು ಮುಂದೆ ಹೋಗಲಾಗದು. 2003ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆ ಕೊಡದೆ ಹೋಗಿ ನೋಡಿದಾಗ ನಾಲ್ಕು ಮೇಷ್ಟ್ರಲ್ಲಿ ಒಬ್ಬ ಶಾಲೆಯಲ್ಲಿರಲಿಲ್ಲ. ಕೇರಿಯ ತಾಯಂದಿರಿಗೆ ಈ ಸಮೀಕ್ಷೆಯೇನೂ ಬೇಕಾಗಿರಲಿಲ್ಲ. "ನಿಮ್ಮೋರು ಮೇಷ್ಟ್ರಾದ್ರೆ ನಮ್ ಮಕ್ಕಳು ಉದ್ಧಾರ ಆಯ್ತವೆ ಅಂದ್ಕೊಂಡಿದ್ವಿ ಕಣಪ್ಪ, ನೀವು ನಿಮ್ಮ ಮಕ್ಕಳನ್ನ ಕಾನ್ವೆಂಟಿಗೆ ಹಾಕ್ಬುಟ್ಟು ಬಡ್ಡಿ ವ್ಯಾಪಾರಕ್ಕೆ ನಿಂತ್ರಿ" ಅಂತ ಒಬ್ಬ ಅವ್ವ ನಮ್ಮ ಮುಖಕ್ಕೇ ಅಂದಿದ್ದಳು. ಅವಳು ಅಂದದ್ದರಲ್ಲಿ ಸುಳ್ಳೇನಿತ್ತು? ಮೀಸಲಾತಿಯ ಬಾಗಿಲಿನಿಂದ ಒಳಗೆ ಬಂದು, ಒಳಗಿನಿಂದ ಅಗಳಿ ಹಾಕಿಕೊಂಡವರು ನಮ್ಮಲ್ಲೂ ಇದ್ದಾರೆ. ಅಳತೆಯೇ ಬೇಡ ಅನ್ನುವ ಮೇಷ್ಟ್ರ ಕೂಗಿನಲ್ಲಿ ಅರ್ಧ ಸ್ವಾಭಿಮಾನ, ಅರ್ಧ ಸೋಮಾರಿತನ. ನಾವು ಅಳತೆ ಬೇಡ ಅನ್ನುವವರ ಸಾಲಿಗೆ ಸೇರಿಲ್ಲ.

ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ 2005ರಿಂದ ಒಂದು ಪ್ರಯೋಗ ನಡೆಯಿತು. ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ್ದು. ಮಕ್ಕಳ ಅಂಕ ಏರಿದರೆ ಮೇಷ್ಟ್ರಿಗೆ ಬೋನಸ್. ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿತು, ಸುಳ್ಳಲ್ಲ. ನಮ್ಮ ಗಮನ ಹೋದದ್ದು ಇನ್ನೊಂದು ಕಡೆಗೆ. ಅಲ್ಲಿ ಬೋನಸ್ ಕೊಟ್ಟದ್ದು ಮಗು ಎಲ್ಲಿ ನಿಂತಿದೆ ಅಂತ ನೋಡಿ ಅಲ್ಲ, ಹಿಂದೆ ಇದ್ದ ಜಾಗದಿಂದ ಎಷ್ಟು ದೂರ ನಡೆಯಿತು ಅಂತ ನೋಡಿ. ಇದು ಸಣ್ಣ ವ್ಯತ್ಯಾಸ ಅಲ್ಲ. ಮೀಸಲಾತಿಯ ಬಗ್ಗೆ ನಾವು ಗಂಟಲು ಹರಿದುಕೊಂಡು ಹೇಳುತ್ತ ಬಂದದ್ದೂ ಇದನ್ನೇ. ಮೂವತ್ತೈದು ಅಂಕದ ಹಿಂದೆ ಎಷ್ಟು ಮೈಲಿ ನಡಿಗೆ ಇದೆ ನೋಡಿ, ತೊಂಬತ್ತರ ಹಿಂದೆ ಎಷ್ಟು ಕಾರು ಇದೆ ನೋಡಿ. ಮಗುವಿಗೆ ಸಲ್ಲುವ ಈ ನ್ಯಾಯ ಮೇಷ್ಟ್ರಿಗೂ ಸಲ್ಲಬೇಕು. ಪೇಟೆಯ ಶಾಲೆಯ ನೂರು, ಹಾಡಿಯ ಶಾಲೆಯ ನಲವತ್ತು ಒಂದೇ ತಕ್ಕಡಿಗೆ ಬೀಳಬಾರದು.

ದೂರವನ್ನು ಅಳೆದರೂ ಕೆಲವು ಉಳಿದುಹೋಗುತ್ತವೆ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಶಾಲೆ ತೆರೆದರು. ಹಾದಿಯಲ್ಲಿ ಸಗಣಿ, ಕೆಸರು ಎಸೆದರು. ಏಳು ವರ್ಷದ ಮೇಲೆ, 1855ರಲ್ಲಿ, ಅವರ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ ಮಾಂಗ್-ಮಹಾರರ ದುಃಖದ ಬಗ್ಗೆ ಒಂದು ನಿಬಂಧ ಬರೆದಳು. ಅದು ಅಚ್ಚಾಯಿತು. ಸಾವಿತ್ರಿಬಾಯಿಯ ಆ ವರ್ಷದ ಕಾರ್ಯಸಾಧನೆಯನ್ನು ಯಾವ ಕಾಲಮಿನಲ್ಲಿ ತುಂಬುತ್ತೀರಿ? 'ಕೇರಿಯ ಒಬ್ಬ ಹುಡುಗಿ ಪ್ರಶ್ನೆ ಕೇಳಿದಳು' ಅಂತ ಬರೆಯಲು ಜಾಗ ಬಿಟ್ಟಿರುವ ನಮೂನೆ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಈಗ ನಮ್ಮ ಶಾಲೆಯದೇ ಮಾತು. ಹೇಳಲು ನಾಚಿಕೆಯಾಗುತ್ತೆ. ಆರು ವರ್ಷ ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಅತಿಥಿ ಶಿಕ್ಷಕಿಯಾಗಿದ್ದಳು. ಅತಿಥಿ ಅನ್ನುವ ಹೆಸರೇ ಒಂದು ಕುಹಕ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಇಂಥ ಅತಿಥಿಗಳಿದ್ದಾರೆ. ಇವರಿಗೆ ಸಿಗೋದು ಸಣ್ಣ ಗೌರವಧನ, ಅದೂ ಮೂರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಬೇಸಿಗೆಯಲ್ಲಿ ಏನೂ ಇಲ್ಲ. ಅವಳು ಕೇರಿಯವಳು. ಯಾವ ಮಗು ರಾತ್ರಿ ಉಣ್ಣದೆ ಮಲಗಿದೆ ಅಂತ ಬೆಳಗಿನ ಪ್ರಾರ್ಥನೆಯಲ್ಲಿ ಮುಖ ನೋಡಿ ಹೇಳುತ್ತಿದ್ದಳು. ಇಟ್ಟಿಗೆಗೂಡಿಗೆ ಹೋಗಿದ್ದ ಒಂಬತ್ತು ಮಕ್ಕಳನ್ನು ಅಲ್ಲಿಗೇ ಹೋಗಿ ಕೂತು, ಅವರ ಅಪ್ಪಂದಿರ ಬೈಗುಳ ತಿಂದು ಕರೆತಂದಳು. ಅದೇ ಆಂಧ್ರದ ಅಧ್ಯಯನದಲ್ಲಿ ಗುತ್ತಿಗೆ ಮೇಷ್ಟ್ರುಗಳು ಖಾಯಂ ಮೇಷ್ಟ್ರುಗಳಿಗಿಂತ ಕಮ್ಮಿ ಗೈರುಹಾಜರಾಗುತ್ತಿದ್ದರು ಅಂತ ಕಂಡುಬಂದಿತ್ತು. ಸರ್ಕಾರಗಳು ಅದರಿಂದ ಕಲಿತ ಪಾಠ ಏನು ಗೊತ್ತೆ? ಹಾಗಾದರೆ ಕಮ್ಮಿ ದುಡ್ಡಿಗೇ ಕೆಲಸ ಆಗುತ್ತಲ್ಲ, ಅಂತ.

ಅತಿಥಿ ಶಿಕ್ಷಕರನ್ನು ಪ್ರತಿ ವರ್ಷ ಹೊಸದಾಗಿ ಆರಿಸಬೇಕು, ಅಂಕದ ಆಧಾರದ ಮೇಲೆ. ಕಳೆದ ಜೂನಿನಲ್ಲಿ ಇನ್ನೊಂದು ಅರ್ಜಿ ಬಂತು. ಬಂದವಳೂ ಬಡವರ ಮಗಳೇ, ಓದಿದವಳು, ಕೆಟ್ಟವಳಲ್ಲ. ಅಂಕ ಇವಳಿಗಿಂತ ಹೆಚ್ಚು. ಪಟ್ಟಿಯಲ್ಲಿ ಅನುಭವಕ್ಕೆ ಒಂದು ಕಲಂ ಹಾಕಬಹುದಿತ್ತೇನೋ, ಇಟ್ಟಿಗೆಗೂಡಿಗೆ ಹಾಕುವಂತಿರಲಿಲ್ಲ. ನಮ್ಮಲ್ಲಿ ಇಬ್ಬರು, ಅಧಿಕಾರಿಗಳಿಗೆ ಬರೆದು ಕೇಳೋಣ ಅಂದರು. ಕೇಳಿದರೆ ನಾಳೆ ನಮಗೇ ನೋಟೀಸು ಬಂದರೆ ಅಂತ ಉಳಿದವರು ಅಂದರು. ಮೇಲಿನವರು ಅಂಕ ನೋಡಿ ಅಂದಿದ್ದರು, ನಾವು ಅಂಕ ನೋಡಿದೆವು. ನಿಯಮ ಮುರಿದಿಲ್ಲ. ಪ್ರತಿಭೆಯ ಹೆಸರಿನಲ್ಲಿ ನೂರು ವರ್ಷ ಹೊರಗೆ ನಿಂತವರ ಮಕ್ಕಳು ನಾವು, ಅದೇ ಪ್ರತಿಭೆಯ ಪಟ್ಟಿಗೆ ಒಬ್ಬೊಬ್ಬರಾಗಿ ಸಹಿ ಹಾಕಿದೆವು.

ಆಗಸ್ಟಿನ ಹೊತ್ತಿಗೆ ಒಂಬತ್ತರಲ್ಲಿ ನಾಲ್ಕು ಮಕ್ಕಳು ಶಾಲೆಗೆ ಬರುವುದನ್ನು ನಿಲ್ಲಿಸಿದ್ದವು. ಹೊಸ ಹುಡುಗಿಗೆ ಗೂಡಿನ ದಾರಿ ಗೊತ್ತಿಲ್ಲ, ನಾವು ತೋರಿಸಿಯೂ ಇಲ್ಲ. ಅವಳು ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಗಿನ ಆರಕ್ಕೆ ಕಂಪನಿಯ ಬಸ್ಸು ಊರ ಬಾಗಿಲಿಗೆ ಬರುತ್ತೆ. ಮೊನ್ನೆ ತರಬೇತಿಗೆ ಹೊರಟು ನಾವೂ ಅಲ್ಲೇ ನಿಂತಿದ್ದೆವು. ಬಹಿರ್ದೆಸೆಗೆ ಹೊರಟಿದ್ದ ಎರಡು ಮಕ್ಕಳು ಚೊಂಬು ಹಿಡಿದುಕೊಂಡೇ "ಮಿಸ್, ಮಿಸ್" ಅಂತ ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದವು. ಅವಳು ಹತ್ತುವ ಮುಂಚೆ ನಮ್ಮ ಕಡೆ ತಿರುಗಿ, "ನಮಸ್ಕಾರ ಸಾ, ಮುಂದಿನ ವರ್ಷ ಅರ್ಜಿ ಹಾಕ್ಲಾ?" ಅಂತ ಕೇಳಿದ್ದಳು. ಹಾಕಮ್ಮ ಅಂದೆವು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.